ನಯಾಗರಾ ಕುಡಿದ ಫೋನು

ವಿಮಾ ಕಂಪನಿಯ ಕ್ಲೇಮು ಅರ್ಜಿಯಲ್ಲಿ ‘ಘಟನೆ ನಡೆದ ಬಗೆಯನ್ನು ವಿವರಿಸಿ’ ಎಂದು ಕೇಳಿ, ಬರೆಯಲು ಎರಡು ಗೆರೆಯಷ್ಟೇ ಜಾಗ ಬಿಟ್ಟಿರುತ್ತಾರೆ. ಸಾಗರದ ಹೈಸ್ಕೂಲಿನಲ್ಲಿ ಬಹುಕಾಲ ಮೇಷ್ಟ್ರಾಗಿದ್ದ ನಮ್ಮ ಚಿಕ್ಕಪ್ಪನಿಗೆ ಇದು ಅವಮಾನವೆಂದೇ ಕಂಡಿತು. ‘ಹತ್ತು ಅಂಕದ ಪ್ರಶ್ನೆಗೆ ಒಂದು ಅಂಕದ ಜಾಗ ಕೊಟ್ಟಿದ್ದಾರಲ್ಲೋ’ ಎಂದವರೇ ಫುಲ್‌ಸ್ಕೇಪ್ ಹಾಳೆಗಳನ್ನು ಲಗತ್ತಿಸಿದರು, ಎರಡೂ ಮಗ್ಗುಲು ತುಂಬಿಸಿ.

ಮಗ ಅವರನ್ನು ನ್ಯೂಜೆರ್ಸಿಗೆ ಕರೆಸಿಕೊಂಡಿದ್ದ. ಒಂದು ಶನಿವಾರ ನಯಾಗರಾ ತೋರಿಸಲು ಕರೆದೊಯ್ದ. ಎಲ್ಲರಂತೆ ಇವರೂ ನೀಲಿ ಪ್ಲಾಸ್ಟಿಕ್ ಅಂಗಿ ತೊಟ್ಟು ದೋಣಿ ಹತ್ತಿದರು. 1846ರಲ್ಲಿ ಶುರುವಾದ ಆ ದೋಣಿಯಾನದ ಸುಖವೆಲ್ಲ ತೋಯಿಸಿಕೊಳ್ಳುವುದರಲ್ಲೇ ಇದೆ. ಕುದುರೆ ಲಾಳದಂತೆ ಬಾಗಿದ ಜಲಪಾತದ ಬುಡಕ್ಕೆ ಹೋದಾಗ ಆಕಾಶವೂ ಇಲ್ಲ, ಪಕ್ಕದವರ ಮುಖವೂ ಇಲ್ಲ. ಆ ಬಿಳುಪಿನೊಳಗೆ ಚಿಕ್ಕಪ್ಪ ಫೋನನ್ನು ಎತ್ತಿ ಹಿಡಿದು ವಿಡಿಯೊ ತೆಗೆಯುತ್ತಾ, ‘ಎತ್ತರದಲ್ಲಿ ನಮ್ಮ ಜೋಗದ ಕಾಲುಭಾಗವೂ ಇಲ್ಲ, ಆದರೆ ನೀರು ನೋಡಿ ನೀರು!’ ಎಂದು ವೀಕ್ಷಕ ವಿವರಣೆ ಕೊಡುತ್ತಿದ್ದರಂತೆ. ಜೋಗ 253 ಮೀಟರ್, ಇದು 60 ಮೀಟರೂ ಇಲ್ಲ; ಮೇಷ್ಟ್ರ ಲೆಕ್ಕ ಸರಿಯೇ. ದೋಣಿ ದಡ ಸೇರುವಷ್ಟರಲ್ಲಿ ಫೋನು ಎರಡು ಹಸಿರು ಗೆರೆ ತೋರಿ ಕಣ್ಣು ಮುಚ್ಚಿತ್ತು.

ಮಗ ಒಳ್ಳೆಯವನು. ಅದೇ ಸಂಜೆ ಹೊಸ ಫೋನು ತಂದು ಕೈಗಿಟ್ಟು, ‘ಹಳೇದು ಬಿಡಿ ಅಪ್ಪಾ’ ಎಂದ. ಚಿಕ್ಕಪ್ಪ ಬಿಡಲಿಲ್ಲ. ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟರು, ಏಳಲಿಲ್ಲ. ಊರಿಗೆ ಮರಳಿದ್ದೇ ಬಿಲ್ಲು, ಪಾಲಿಸಿ, ಹದಿನೈದು ಅಂಕಿಯ ಐಎಂಇಐ ನಂಬರಿದ್ದ ಖಾಲಿ ಡಬ್ಬ, ಎಲ್ಲವನ್ನೂ ಕೈಚೀಲಕ್ಕೆ ತುಂಬಿ ಶಿವಮೊಗ್ಗದ ಬಸ್ಸು ಹತ್ತಿದರು. ಸರ್ವಿಸ್ ಸೆಂಟರಿನ ಹುಡುಗ ಸಿಮ್ಮಿನ ತಟ್ಟೆ ಎಳೆದು, ಒಳಗೆ ಟಾರ್ಚು ಬಿಟ್ಟು ತೋರಿಸಿದ. ನೀರು ತಾಗಿದರೆ ಬಣ್ಣ ತಿರುಗಲೆಂದೇ ಅಂಟಿಸಿದ ಬಿಳಿಯ ಚೂರೊಂದು ಕೆಂಪಾಗಿತ್ತು.

‘ನೀರು ಹೋಗಿದೆ ಸರ್.’

‘ಬರೀ ನೀರಲ್ಲಪ್ಪ, ನಯಾಗರಾ’ ಎಂದರು ಚಿಕ್ಕಪ್ಪ.

ಆಮೇಲೆ ಸರ್ವೇಯರ್ ಕರೆ ಮಾಡಿ, ಯಾವ ದೇಶದಲ್ಲಿ ಹಾಳಾಯಿತು ಎಂದು ಕೇಳಿದರು. ಇದಕ್ಕಿಂತ ಒಳ್ಳೆಯ ಪ್ರಶ್ನೆ ಸಿಕ್ಕೀತೇ? ಹತ್ತಿದ್ದು ಇಳಿದದ್ದು ಅಮೆರಿಕದಲ್ಲಿ, ಗಡಿ ಹಾಯುವುದು ನದಿಯೊಳಗೆ, ಲಾಳದ ಹೆಚ್ಚು ಪಾಲು ಕೆನಡಾದ್ದು, ಆದ್ದರಿಂದ ಫೋನಿನೊಳಗೆ ಹೋದ ನೀರು ಕೆನಡಾದ್ದೇ ಇರಬೇಕು – ಹೀಗೆ ಭೂಗೋಳದ ಪಾಠ ನಡೆಯಿತು. ಆ ಸಂಜೆ ನನಗೆ ಫೋನ್ ಮಾಡಿದಾಗ ಚಿಕ್ಕಪ್ಪನ ದನಿಯೇ ಬೇರೆ. ‘ಪೂರ್ತಿ ಕೇಳಿದ್ರು ಮಾರಾಯ. ಮಧ್ಯೆ ಒಂದು ಸಲವೂ ಆಮೇಲೆ ಮಾಡ್ತೀನಿ ಅನ್ನಲಿಲ್ಲ.’

ಹಿಂದೆ ಅವರು ಪರೀಕ್ಷೆಯ ಮೌಲ್ಯಮಾಪನಕ್ಕೆಂದು ಮೈಸೂರಿಗೆ ಹೋಗಿಬಂದರೂ ಕ್ಯಾಂಟೀನಿನ ಸಾಂಬಾರಿನಿಂದ ಬಸ್ಸಿನ ಕಂಡಕ್ಟರಿನವರೆಗೆ ಒಂದೂ ಬಿಡದೆ ಹೇಳುತ್ತಿದ್ದರು. ಚಿಕ್ಕಮ್ಮ ಮೆಟ್ಟುಗತ್ತಿಯ ಮುಂದೆ ಕೂತು, ತಲೆ ಎತ್ತದೆ ಬೀನ್ಸು ಹೆಚ್ಚುತ್ತಾ ಹೂಂಗುಟ್ಟುತ್ತಿದ್ದರು. ಕೇಳುತ್ತಿದ್ದರೋ ಇಲ್ಲವೋ, ಹೂಂ ಮಾತ್ರ ತಪ್ಪುತ್ತಿರಲಿಲ್ಲ. ಆ ವಿಡಿಯೊ ತೆಗೆಯುತ್ತಾ ‘ನೀರು ನೋಡಿ’ ಎಂದದ್ದು ಯಾರಿಗೆ ಎಂದು ನಾನು ಕೇಳಿಲ್ಲ. ಚಿಕ್ಕಮ್ಮ ಹೋಗಿ ಆಗಲೇ ವರ್ಷ ಕಳೆದಿತ್ತು.

ಕ್ಲೇಮು ತಿರಸ್ಕಾರವಾಯಿತು. ಪಾಲಿಸಿಯ ವ್ಯಾಪ್ತಿ ಭಾರತದೊಳಗೆ ಮಾತ್ರ ಎಂದು ಸಾಸಿವೆ ಕಾಳಿನಂಥ ಅಕ್ಷರದಲ್ಲಿ ಮೊದಲೇ ಅಚ್ಚಾಗಿತ್ತು. ಮಗ ಮಾಡಿಸಿದ್ದ ಪ್ರವಾಸ ವಿಮೆಯಲ್ಲಿ ಜ್ವರಕ್ಕೆ, ಮುರಿದ ಮೂಳೆಗೆ, ಕಳೆದ ಪೆಟ್ಟಿಗೆಗೆ ಪರಿಹಾರವಿತ್ತು. ಮೊಬೈಲು ಹೊರಗಿಟ್ಟವುಗಳ ಪಟ್ಟಿಯಲ್ಲಿತ್ತು. ಕಂಪನಿಯನ್ನು ಬಯ್ಯಲು ನನಗೆ ಮನಸ್ಸಿಲ್ಲ. ಕೊಟ್ಟಿದ್ದರೂ ಸವಕಳಿ ಕಳೆದು ಕೈಗೆ ಬರುವುದು ಅಷ್ಟರಲ್ಲೇ ಇತ್ತು, ಅದು ಚಿಕ್ಕಪ್ಪನಿಗೂ ಗೊತ್ತು.

ಸಮಾಧಾನ ಹೇಳಲು ಸಾಗರಕ್ಕೆ ಹೋದರೆ ಅವರಾಗಲೇ ವಿಮಾ ಲೋಕಪಾಲರ ನಿಯಮ ಓದಿ ಮುಗಿಸಿದ್ದರು. ಮೊದಲು ಕಂಪನಿಗೇ ದೂರು ಕೊಡಬೇಕು; ತಿಂಗಳೊಳಗೆ ಸರಿಯಾದ ಉತ್ತರ ಬಾರದಿದ್ದರೆ ಬೆಂಗಳೂರಿನ ಕಚೇರಿಗೆ ಬರೆಯಬಹುದು; ಶುಲ್ಕವಿಲ್ಲ, ವಕೀಲರೂ ಬೇಡ.

‘ಪಾಲಿಸಿಯಲ್ಲೇ ಸ್ಪಷ್ಟವಾಗಿದೆ ಚಿಕ್ಕಪ್ಪ, ಗೆಲ್ಲೋ ಹಾಗೆ ಕಾಣಲ್ಲ’ ಎಂದೆ.

‘ಅದಿರಲಿ. ನಮ್ಮನ್ನೇ ಕರೆಸಿ ವಿಚಾರಣೆ ಮಾಡ್ತಾರಂತೆ. ಎಷ್ಟು ಹೊತ್ತು ಮಾತಾಡೋಕೆ ಬಿಡ್ತಾರೆ, ನಿಂಗೇನಾದ್ರೂ ಗೊತ್ತುಂಟಾ?’