ಮರ್ಫಿ ಟೌನಿನ ಗಾಳಿ

ಹಲಸೂರಿನ ಮಗ್ಗುಲಿಗೆ ಮರ್ಫಿ ಟೌನ್. ಮೊದಲು ನಾಕ್ಸ್‌ಪೇಟೆ ಎನಿಸಿಕೊಂಡಿದ್ದ ಈ ಬಡಾವಣೆಯನ್ನು 1920ರ ದಶಕದಲ್ಲಿ ದಂಡುಪ್ರದೇಶದ ಎಂಜಿನಿಯರ್ ಮರ್ಫಿ ಸಾಹೇಬರು ಬಡವರಿಗಾಗಿ ಹೊಸದಾಗಿ ರೂಪಿಸಿದರು. ಹೆಸರು ಅವರದೇ ನಿಂತಿತು.

ಆ ಕಾಲದ ಬೆಂಗಳೂರಿನ ಹೆಂಚಿನ ಮನೆಗೆ ಒಂದು ಗುಣವುಂಟು. ಬಿಸಿಯಾದ ಗಾಳಿ ಹಗುರ. ಅದು ಮೇಲೇರಿ ಹೆಂಚಿನ ಸಂದುಗಳಿಂದಲೂ ಗೋಡೆಯ ನೆತ್ತಿಯ ಗವಾಕ್ಷಿಯಿಂದಲೂ ಹೊರಬೀಳುತ್ತದೆ. ಕೆಳಗಿನ ಬಾಗಿಲು ಕಿಟಕಿಗಳಿಂದ ತಂಗಾಳಿ ಒಳಸೇರುತ್ತದೆ. ತೆಳುವಾದ ಹೆಂಚು ಹೊತ್ತು ಮುಳುಗಿದೊಡನೆ ಆರುತ್ತದೆ. ಮಳೆಗಾಲದಲ್ಲಿ ಸೋರುವುದೂ ಉಂಟು, ಅದನ್ನು ಮುಚ್ಚಿಡಬೇಕಾಗಿಲ್ಲ.

ಹೆಂಚು ಹೋಗಿ ಕಾಂಕ್ರೀಟು ಬಂದಲ್ಲಿ ಕಥೆಯೇ ಬೇರೆ. ಹಗಲೆಲ್ಲ ಬಿಸಿಲು ಕುಡಿದ ತಾರಸಿ ಅದನ್ನು ರಾತ್ರಿ, ಮಲಗಿದವರ ಮೇಲೆ ಕಾರುತ್ತದೆ. 2016ರ ಏಪ್ರಿಲಿನಲ್ಲಿ ಬೆಂಗಳೂರಿನ ಉಷ್ಣತೆ 39.2 ಡಿಗ್ರಿ ಸೆಲ್ಸಿಯಸ್ ಮುಟ್ಟಿತು. ಪಕ್ಕದ ಇಂದಿರಾನಗರದಲ್ಲಿ ಹಳೆಯ ಬಂಗಲೆಗಳನ್ನು ಕಚೇರಿಗಳಾಗಿ ನವೀಕರಿಸುವವರು ಯಂತ್ರ ಕೂಡಿಸಿ ತಂಪನ್ನು ಕೊಳ್ಳಬಲ್ಲರು. ಒಂದೇ ಕೋಣೆಯ ಸಂಸಾರವೇನು ಮಾಡೀತು? ತಾರಸಿಗೆ ಬಿಳಿಯ ಸುಣ್ಣ, ಎದುರುಬದುರು ಕಿಟಕಿ, ನೆತ್ತಿಯಲ್ಲೊಂದು ಗವಾಕ್ಷಿ: ಇಷ್ಟಾದರೂ ಸೆಕೆ ತುಸು ತಗ್ಗುವುದು ನಿಜ. ಆದರೆ ಗೋಡೆಗೆ ಗೋಡೆ ತಾಗಿದ ಓಣಿಯಲ್ಲಿ ಕಿಟಕಿ ತೆರೆದರೆ ಎದುರಾಗುವುದು ನೆರೆಮನೆಯ ಗೋಡೆ. ಅಂಥಲ್ಲಿ ಉಳಿಯುವುದು ಸುಣ್ಣವೊಂದೇ.