ನಮ್ಮ ಅಂಗಡಿಯ ಕವರ್ ಮತ್ತು ನೆಲ್ಲೂರಿನ ಸಮುದ್ರ

ನಮ್ಮ ಅಬ್ಬಾರದು ಕೋಳಿ ಅಂಗಡಿ. ಕಾಲೇಜು ಇಲ್ಲದ ದಿನ ಗಲ್ಲಾದಲ್ಲಿ ಕೂರುವುದು ನಾನೇ. ದುಡ್ಡು ತೆಗೆದುಕೊಳ್ಳುವುದು, ಕರಿ ಕವರಿಗೆ ಹಾಕಿದ ಮಾಂಸವನ್ನು ಗಿರಾಕಿಯ ಕೈಗೆ ಕೊಡುವುದು ನನ್ನ ಕೆಲಸ. ಆ ಕವರ್ ಆಮೇಲೆ ಎಲ್ಲಿಗೆ ಹೋಗುತ್ತದೆ ಎಂದು ನಾನು ಒಂದು ದಿನವೂ ಯೋಚಿಸಿರಲಿಲ್ಲ.

ಒಮ್ಮೆ ಜೋರು ಮಳೆಯಾಗಿ ನಮ್ಮ ಉತ್ತರ ಪಿನಾಕಿನಿಯಲ್ಲಿ ನೀರು ಬಂತು. ನಮ್ಮೂರಲ್ಲಿ ನದಿ ಹರಿಯುವುದೇ ಅಪರೂಪ, ಅದಕ್ಕೇ ಜನ ಸೇತುವೆ ಮೇಲೆ ನಿಂತು ನೋಡುತ್ತಿದ್ದರು. ನಾನೂ ಹೋದೆ. ಕೆಂಪು ನೀರಿನ ಜೊತೆ ಹಳೇ ಚಪ್ಪಲಿ, ಬಾಟಲಿ, ಹಾಲಿನ ಪಾಕೆಟ್ ಎಲ್ಲ ಬರುತ್ತಿದ್ದವು. ಕರಿ ಕವರ್‌ಗಳೂ ಇದ್ದವು. ಅವು ನಮ್ಮ ಅಂಗಡಿಯವೇ ಎಂದು ಹೇಳಲಾರೆ. ನಮ್ಮವಲ್ಲ ಎಂದೂ ಹೇಳಲಾರೆ.

ಮನೆಗೆ ಬಂದು ಭೂಪಟ ತೆಗೆದೆ. ನಂದಿ ಬೆಟ್ಟದ ಸಾಲಿನಲ್ಲಿ ಹುಟ್ಟುವ ಈ ನದಿ ನಮ್ಮೂರು, ವಿದುರಾಶ್ವತ್ಥ ದಾಟಿ ಆಂಧ್ರಕ್ಕೆ ಹೋಗುತ್ತದೆ. ಅಲ್ಲಿ ಅದರ ಹೆಸರು ಪೆನ್ನಾ. ಅನಂತಪುರ, ಕಡಪ ಜಿಲ್ಲೆಗಳನ್ನು ದಾಟಿ, ಒಟ್ಟು 597 ಕಿಲೋಮೀಟರ್ ಹರಿದು, ನೆಲ್ಲೂರು ಜಿಲ್ಲೆಯಲ್ಲಿ ಬಂಗಾಳ ಕೊಲ್ಲಿಯನ್ನು ಸೇರುತ್ತದೆ. ದಾರಿಯಲ್ಲಿ ಅಣೆಕಟ್ಟುಗಳಿವೆ, ಎಲ್ಲ ಕವರೂ ಸಮುದ್ರ ಮುಟ್ಟುವುದಿಲ್ಲ ನಿಜ. ಆದರೆ ಪ್ಲಾಸ್ಟಿಕ್ ಎಲೆಯ ಹಾಗೆ ಕೊಳೆಯುವುದಿಲ್ಲ. ಬಿಸಿಲಿಗೆ ಚೂರಾಗಿ ಬಿದ್ದಿರುತ್ತದೆ, ಮುಂದಿನ ಮಳೆಗೆ ಇನ್ನಷ್ಟು ದೂರ ಹೋಗುತ್ತದೆ.

ಆಂಧ್ರದ ಕರಾವಳಿಗೆ ಆಲಿವ್ ರಿಡ್ಲಿ ಎಂಬ ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ. ಅಂಬಲಿ ಮೀನು ಕಡಲಾಮೆಗಳ ಆಹಾರ. ನೀರಿನಲ್ಲಿ ತೇಲುವ ಕವರ್ ಕೂಡ ಹಾಗೆಯೇ ಕಾಣುತ್ತದೆ. ನುಂಗಿದ ಕವರ್ ಜೀರ್ಣವಾಗುವುದಿಲ್ಲ, ಕರುಳಿನಲ್ಲಿ ಸಿಕ್ಕಿಕೊಳ್ಳುತ್ತದೆ. ಹೊಟ್ಟೆ ತುಂಬಿದಂತಿದ್ದರೂ ಆಮೆ ಉಪವಾಸದಿಂದ ಸಾಯಬಹುದು. 5 ಮಿಲಿಮೀಟರ್‌ಗಿಂತ ಸಣ್ಣ ಚೂರುಗಳಿಗೆ ಮೈಕ್ರೋಪ್ಲಾಸ್ಟಿಕ್ ಎನ್ನುತ್ತಾರೆ. ಅವನ್ನು ಸಣ್ಣ ಜೀವಿಗಳು ತಿನ್ನುತ್ತವೆ, ಅವುಗಳನ್ನು ಮೀನು ತಿನ್ನುತ್ತದೆ. ನಮ್ಮ ದೇಶದ ಕರಾವಳಿಯ ಮೀನುಗಳ ಹೊಟ್ಟೆಯಲ್ಲೂ ಇವು ಸಿಕ್ಕಿವೆ. ಸಮುದ್ರದ ಮೀನು ಐಸ್ ಪೆಟ್ಟಿಗೆಯಲ್ಲಿ ನಮ್ಮೂರಿಗೂ ಬರುತ್ತದಲ್ಲ! ನಾವು ಬಿಸಾಡಿದ್ದು ನಮ್ಮ ತಟ್ಟೆಗೇ ವಾಪಸ್ ಬರಬಹುದು.

ಕಾಮರ್ಸ್ ಓದುವವನಾದ್ದರಿಂದ ಲೆಕ್ಕ ಹಾಕಿದೆ. ನಮ್ಮ ಅಂಗಡಿಯಲ್ಲಿ ವಾರದ ದಿನ ಸುಮಾರು 120 ಕವರ್, ಭಾನುವಾರ 250. ವಾರಕ್ಕೆ 970. ವರ್ಷಕ್ಕೆ 50 ಸಾವಿರಕ್ಕೂ ಹೆಚ್ಚು! ಇದು ಒಂದು ಅಂಗಡಿಯ ಲೆಕ್ಕ. ಕರ್ನಾಟಕದಲ್ಲಿ 2016ರಿಂದಲೇ ಪ್ಲಾಸ್ಟಿಕ್ ಕ್ಯಾರಿ ಬ್ಯಾಗ್ ನಿಷೇಧವಿದೆ.

ಅಬ್ಬಾರ ಹತ್ತಿರ ಹೇಳಿದೆ. ಅವರು ಕತ್ತಿ ಕೆಳಗಿಡದೆ ಹೇಳಿದರು, "ಗಿರಾಕಿ ಕೈಬೀಸಿಕೊಂಡು ಬರುತ್ತಾನೆ. ಕವರ್ ಇಲ್ಲ ಅಂದರೆ ಪಕ್ಕದ ಅಂಗಡಿಗೆ ಹೋಗುತ್ತಾನೆ. ನಿನ್ನ ಕಾಲೇಜ್ ಫೀಸನ್ನು ಆಮೆ ಬಂದು ಕಟ್ಟುತ್ತದಾ ಬೇಟಾ?"

ನನಗೆ ಉತ್ತರ ಹೊಳೆಯಲಿಲ್ಲ. ಅವರು ಹೇಳಿದ್ದು ಸುಳ್ಳೂ ಅಲ್ಲ. ಆದರೆ ರಾತ್ರಿ ಅಂಗಡಿ ಪುಸ್ತಕ ಬರೆಯುವಾಗ ಒಂದು ವಿಷಯ ತಲೆಗೆ ಬಂತು. ಕವರಿನ ಬೆಲೆಯನ್ನು ನಾವು ಖರ್ಚಿಗೆ ಬರೆಯುತ್ತೇವೆ. ಕಟ್ಟಿಕೊಂಡ ಚರಂಡಿಯಿಂದ ಅದನ್ನು ತೆಗೆಯುವ ಪೌರಕಾರ್ಮಿಕರ ಕಷ್ಟ, ಕವರ್ ತಿಂದ ಹಸು, ಆಮೆ ಯಾರ ಪುಸ್ತಕದಲ್ಲೂ ಇಲ್ಲ. ಬರೆಯದಿದ್ದ ಮಾತ್ರಕ್ಕೆ ಸಾಲ ಇಲ್ಲ ಎಂದಾಗುತ್ತದೆಯೇ?

ದಾದಿ ಕೇಳಿಸಿಕೊಂಡು ನಕ್ಕರು. ಅವರ ಕಾಲದಲ್ಲಿ ಮಾಂಸವನ್ನು ಮುತ್ತುಗದ ಎಲೆಯಲ್ಲಿ ಕಟ್ಟಿಕೊಡುತ್ತಿದ್ದರಂತೆ. ಬಕ್ರೀದ್‌ನಲ್ಲಿ ಕುರ್ಬಾನಿಯ ಪಾಲನ್ನು ತಟ್ಟೆಯಲ್ಲಿಟ್ಟು, ಮೇಲೆ ಬಟ್ಟೆ ಮುಚ್ಚಿ ಮನೆಮನೆಗೆ ಕೊಡುತ್ತಿದ್ದರಂತೆ. "ದಾರಿಯಲ್ಲಿ ಬಿದ್ದ ಮುಳ್ಳು ತೆಗೆಯುವುದೂ ಸದಕಾ ಅಂತ ಮಕ್ಕಳಿಗೆ ಹೇಳಿಕೊಡುತ್ತೇವೆ. ನಾವೇ ಮುಳ್ಳು ಹಾಕುತ್ತಾ ಹೋದರೆ?" ಎಂದು ಅಬ್ಬಾರನ್ನು ಕೇಳಿದರು. ಅಬ್ಬಾ ಮಾತಾಡಲಿಲ್ಲ.

ಮುಂದಿನ ವಾರ ಅವರೇ ಒಂದು ರಟ್ಟು ಕೊಟ್ಟು ಬರೆಯಲು ಹೇಳಿದರು: "ಡಬ್ಬಿ ತಂದವರಿಗೆ 2 ರೂಪಾಯಿ ಕಡಿಮೆ." ಮೊದಲ ಭಾನುವಾರ ಡಬ್ಬಿ ತಂದವರು ಮೂರು ಜನ. ಎರಡು ತಿಂಗಳಾದ ಮೇಲೆ ಸುಮಾರು ನಲವತ್ತು. ಕೆಲವರು ಪಕ್ಕದ ಅಂಗಡಿಗೂ ಹೋದರು. ಉಳಿದವರಿಗೆ ಇವತ್ತಿಗೂ ನಾವು ಕವರ್ ಕೊಡುತ್ತಿದ್ದೇವೆ, ಅದನ್ನು ಮುಚ್ಚಿಡುವುದಿಲ್ಲ. ಕಳೆದ ಬಕ್ರೀದ್‌ನಲ್ಲಿ ಮಾತ್ರ ನಮ್ಮ ಮನೆಯಿಂದ ಒಂದೂ ಕವರ್ ಹೊರಗೆ ಹೋಗಲಿಲ್ಲ. ದಾದಿಯ ಹಾಗೆ ತಟ್ಟೆಯಲ್ಲೇ ಕೊಟ್ಟೆವು. ಖಾಲಿ ತಟ್ಟೆ ವಾಪಸ್ ತರುವಾಗ ಎಲ್ಲ ಮನೆಯಲ್ಲೂ ಎರಡು ಮಾತು ಹೆಚ್ಚೇ ಆಡಿದೆವು.

ಗೆಳೆಯರೇ, ನೀವು ನಮ್ಮ ಅಂಗಡಿಗೇ ಬರಬೇಕೆಂದಿಲ್ಲ. ಯಾವ ಅಂಗಡಿಗೆ ಹೋದರೂ ಮನೆಯಿಂದ ಒಂದು ಡಬ್ಬಿ ತೆಗೆದುಕೊಂಡು ಹೋಗಿ. ನಮ್ಮ ತಾಲ್ಲೂಕಿನಲ್ಲಿ ಸಮುದ್ರವಿಲ್ಲ, ಆದರೆ ಸಮುದ್ರದ ದಾರಿ ನಮ್ಮೂರಿನ ಸೇತುವೆ ಕೆಳಗೇ ಇದೆ.

— ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ