ಮರಳಲ್ಲಿ ಹೂತ ಫೋರ್‌ನಾಟ್‌ಸೆವೆನ್

2013ರ ಡಿಸೆಂಬರಿನ ಪಂಚಲಿಂಗ ದರ್ಶನಕ್ಕೆ ಕಾಯಿ ತುಂಬಿಕೊಂಡು ತಲಕಾಡಿಗೆ ಹೋದ ನಮ್ಮೂರ ಗಾಡಿ ಮರಳಲ್ಲಿ ಹೂತ ಕಥೆಯನ್ನು, ಮಾಯಸಂದ್ರದಲ್ಲಿ ಚಳಿ ಬಿತ್ತೆಂದರೆ ಯಾರಾದರೊಬ್ಬರು ಕೆದಕುತ್ತಾರೆ. ತೋಟದ ಮನೆಯ ಮುಂದೆ ಮಟ್ಟೆ ಗುಡ್ಡೆ ಬಿದ್ದಿರುತ್ತದೆ, ಬೆಂಕಿಗೆ ಬರವಿಲ್ಲ. ಕಥೆ ಹೇಳಬೇಕಾದವರು ನಮ್ಮ ಮಿಲ್ಟ್ರಿ ಮಾವ. ಆದರೆ ಅವರದು ಮೂರೇ ಮಾತು: ‘ಹೂತ್ಕಂತು, ಗಾಳಿ ಬಿಟ್ವಿ, ಬಂತು.’ ಅಷ್ಟಕ್ಕೆ ಯಾರಿಗೂ ಸಮಾಧಾನವಿಲ್ಲ. ಹಾಗಾಗಿ ಅವತ್ತು ಗಾಡಿಯ ಮುಂದೆ ಬಾಗಿಲ ಪಕ್ಕ ಕೂತು ಹೋಗಿದ್ದ ನನ್ನ ಪಾಲಿಗೆ ಬರುತ್ತದೆ.

ನಮ್ಮ ಕಡೆ ಕಾಯಿ ಹುಟ್ಟುವುದೇ ಕೊಬ್ಬರಿಗೆ. ಬಲಿತ ಕಾಯನ್ನು ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಬಿಟ್ಟರೆ ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು ಗಡಗಡ ಅನ್ನುತ್ತದೆ. ಆ ಉಂಡೆ ಕೊಬ್ಬರಿ ತಿಪಟೂರಿನ ಮಾರುಕಟ್ಟೆಗೆ ಹೋಗಿ, ಅಲ್ಲಿಂದ ಲಾರಿ ಹತ್ತಿ ದೆಹಲಿ, ರಾಜಸ್ಥಾನದ ಕಡೆ ಹೊರಡುತ್ತದೆ. ಹಸಿ ಕಾಯಿ ಮಾರುವವನನ್ನು ‘ಏನೋ ತಾಪತ್ರಯ ಇರಬೇಕು’ ಅಂತ ನೋಡುವ ಊರು ನಮ್ಮದು. ಆ ವರ್ಷ ನಾಲ್ಕು ಮನೆಗೆ ತಾಪತ್ರಯವಿತ್ತು. ಪಂಚಲಿಂಗಕ್ಕೆ ಲಕ್ಷಗಟ್ಟಲೆ ಜನ ಬರುತ್ತಾರೆ, ಒಬ್ಬೊಬ್ಬರೂ ಐದೈದು ಕಡೆ ಕಾಯಿ ಒಡೆಯುತ್ತಾರೆ ಅನ್ನೋದು ಲೆಕ್ಕಾಚಾರ. ಜುಟ್ಟು ಬಿಟ್ಟು ಸುಲಿದು, ಗೋಣಿಚೀಲಕ್ಕೆ ತುಂಬಿ, ಬಾಡಿಗೆಯ ಸಣ್ಣ ಲಾರಿ ಟಾಟಾ ಫೋರ್‌ನಾಟ್‌ಸೆವೆನ್‌ಗೆ ಏರಿಸಿದೆವು. ದರ್ಶನ ಸೋಮವಾರ, ಶನಿವಾರವೇ ಹೊರಟು, ನಾಗಮಂಗಲ, ಬಸರಾಳು, ಮಂಡ್ಯ, ಮಳವಳ್ಳಿ ದಾಟಿ ಮಧ್ಯಾಹ್ನಕ್ಕೆ ತಲಕಾಡು ಸೇರಿದೆವು.

ಸಮುದ್ರವಿಲ್ಲದ ಕಡೆ ಇಷ್ಟು ಮರಳು ಹೇಗೆ ಬಂತು ಅನ್ನುವುದಕ್ಕೆ, ‘ತಲಕಾಡು ಮರಳಾಗಲಿ’ ಎಂದ ಅಲಮೇಲಮ್ಮನ ಶಾಪದ ಕಥೆ ಎಲ್ಲರಿಗೂ ಗೊತ್ತು. ಕಾವೇರಿ ಅಲ್ಲಿ ದೊಡ್ಡ ತಿರುವು ತೆಗೆದುಕೊಳ್ಳುತ್ತಾಳೆ. ಮೇಲೆ ವಿಜಯನಗರದ ಕಾಲದ ಮಾಧವಮಂತ್ರಿ ಕಟ್ಟೆ ಇದೆ. ಕಟ್ಟೆಯಿಂದ ಹೊಳೆ ಸೊರಗಿ, ಪಾತ್ರದ ಮರಳು ಬಯಲಾಗಿ, ಮುಂಗಾರಿನ ಗಾಳಿ ಅದನ್ನು ಹೊತ್ತು ಊರ ಮೇಲೆ ಸುರಿಯಿತು ಅನ್ನುವುದು ತಿಳಿದವರ ವಿವರಣೆ, ಕೆ.ಎನ್. ಗಣೇಶಯ್ಯನವರು ಇದನ್ನು ವಿಜ್ಞಾನಿಯ ಕಣ್ಣಿನಿಂದ ಬಿಡಿಸಿ ನೋಡಿದ್ದಾರೆ. ದಿಬ್ಬಗಳು ವರ್ಷಕ್ಕೆ ಒಂಬತ್ತು ಹತ್ತು ಅಡಿ ಮುಂದೆ ಸರಿಯುತ್ತಿದ್ದವು ಅಂತ ಬ್ರಿಟಿಷರ ಕಾಲದ ಗೆಜೆಟಿಯರ್ ಬರೆದಿದೆ. ಗಂಗರ ರಾಜಧಾನಿ, ಚೋಳರನ್ನು ಸೋಲಿಸಿ ವಿಷ್ಣುವರ್ಧನ ಕಟ್ಟಿಸಿದ ಕೀರ್ತಿನಾರಾಯಣ ಗುಡಿ, ಪಾತಾಳೇಶ್ವರ, ಮರಳೇಶ್ವರ, ಎಲ್ಲವೂ ಈ ಮರಳಿಗೆ ಸಿಕ್ಕಿದವೇ. ಅಂಥದ್ದರ ಮುಂದೆ ನಮ್ಮ ಫೋರ್‌ನಾಟ್‌ಸೆವೆನ್ ಯಾವ ಲೆಕ್ಕ!

ಗುಡಿಗಳ ದಿಬ್ಬದ ಕಡೆಗೆ ಗಾಡಿ ಬಿಡುವುದಿಲ್ಲ, ಸರಿಯೇ. ಊರಿನಿಂದ ಆಚೆ, ಹೊಳೆಯ ಕಡೆಗಿನ ಒಂದು ಜಮೀನಿನಲ್ಲಿ ನಾವು ಅಂಗಡಿ ಹಾಕುವುದು ಅಂತ ಮಾತಾಗಿತ್ತು. ಅಲ್ಲಿಗೆ ಹೋಗುವ ಜಾಡು ಒಂದು ಸಣ್ಣ ಮರಳು ದಿಬ್ಬ ಹತ್ತಿ ಇಳಿಯುತ್ತಿತ್ತು. ಗಾಡಿಯ ಹುಡುಗ ಶಿಂಷೆಯ ಹೊಳೆಯೊಳಗೆ ಗಾಡಿ ಇಳಿಸಿ ರೂಢಿಯಿದ್ದವನು. ‘ಮರಳಲ್ಲೇ ಹುಟ್ಟಿ ಬೆಳೆದಿದೀನಿ’ ಅಂದ. ಹೊಳೆಯ ಮರಳು ಹಸಿ. ನೀರು ಕಾಳಿಗೆ ಕಾಳು ಹಿಡಿಸಿರುತ್ತದೆ, ತುಂಬಿದ ಲಾರಿ ನಿಂತರೂ ತಾಳುತ್ತದೆ. ದಿಬ್ಬದ್ದು ಒಣ ಮರಳು, ಅದರಲ್ಲೂ ಮೂರು ಗಂಟೆಯ ಬಿಸಿಲಿಗೆ ಕಾದು ಹುಡಿ ಹುಡಿಯಾದದ್ದು. ಅದು ಅವನಿಗೆ ಹೊಸದು. ಮಾವ ‘ಇಳಿದು ನಡ್ಕಂಡು ನೋಡಿ ಬರ್ತೀನಿ ಇರು’ ಅನ್ನುವಷ್ಟರಲ್ಲಿ ಗಾಡಿ ಏರಿಗೆ ಬಿದ್ದಿತ್ತು.

ಅರ್ಧ ಏರು ಹತ್ತಿತು. ಆಮೇಲೆ ಹಿಂದಿನ ಚಕ್ರ ಸುಮ್ಮನೆ ತಿರುಗತೊಡಗಿತು. ಹುಡುಗ ಇನ್ನಷ್ಟು ತುಳಿದ. ಮರಳು ಹಿಂದಕ್ಕೆ ಕಾರಂಜಿಯಂತೆ ಹಾರಿತು.

‘ಲೇ, ಕಾಲ್ ತೆಗಿ! ಮೊದ್ಲು ಕಾಲ್ ತೆಗಿಯೋ!’

‘ಇನ್ನೊಂದ್ ಸಲ ರೈಸ್ ಕೊಟ್ರೆ ಎದ್ಬುಡ್ತದೆ ಮಾವ.’

‘ಎದ್ದೇಳ್ತಿಲ್ಲ ಕಣ್ಲಾ, ಬಾವಿ ತೋಡ್ತಾ ಇದೀಯ. ಇಳಿದು ನೋಡು.’

ಇಳಿದು ನೋಡಿದರೆ ಹಿಂದಿನ ಜೋಡಿ ಟೈರುಗಳು ಅರ್ಧ ಒಳಗಿದ್ದವು, ಹೌಸಿಂಗಿನ ಗುಂಡು ಮರಳ ಮೇಲೆ ಕೂತಿತ್ತು. ಹೊಟ್ಟೆ ನೆಲಕ್ಕೆ ತಾಗಿತೆಂದರೆ ಗಾಡಿಯ ಭಾರ ಚಕ್ರದ ಮೇಲಿರುವುದಿಲ್ಲ. ಆಮೇಲೆ ಎಷ್ಟು ತಿರುಗಿಸಿದರೂ ಹಿಡಿತವಿಲ್ಲ. ಅಷ್ಟರಲ್ಲಿ ಜನ ಸೇರಿದರು. ಜನ ಸೇರಿದ ಮೇಲೆ ಉಪಾಯಗಳಿಗೇನು ಬರ? ಒಬ್ಬರು ‘ಎಲ್ಲಾ ಸೇರಿ ನೂಕೋಣ’ ಅಂದರು. ತಿರುಗುವ ಚಕ್ರದ ಹಿಂದೆ ಯಾರನ್ನೂ ನಿಲ್ಲಗೊಡಲಿಲ್ಲ ಮಾವ. ಇನ್ನೊಬ್ಬರು ಟ್ರ್ಯಾಕ್ಟರ್ ತರುತ್ತೇನೆ, ಹಗ್ಗ ಕಟ್ಟಿ ಎಳೆಯೋಣ ಅಂದರು. ಹೊಟ್ಟೆಯಡಿ ಮರಳು ಹಾಗೇ ಇರುವಾಗ ಎಳೆದರೆ ಹಗ್ಗ ಹರಿದು ಯಾರ ಮುಖಕ್ಕೆ ಬಾರಿಸುತ್ತದೋ ಗೊತ್ತಿಲ್ಲ ಅಂತ ಅದೂ ಬೇಡವೆಂದರು ಮಾವ. ಎಳನೀರು ಮಾರುವವರೊಬ್ಬರು ಖಾಲಿ ಬುರುಡೆಗಳನ್ನು ಚಕ್ರದಡಿ ತುಂಬಿ ಅಂತ ಔದಾರ್ಯ ತೋರಿಸಿದರು. ದುಂಡಗಿನ ಬುರುಡೆ ಚಕ್ರಕ್ಕೆ ಸಿಕ್ಕಿದರೆ ಗುಂಡಿನ ಹಾಗೆ ಸಿಡಿಯುತ್ತದೆ ಅಂತ ಮಾವ ಕೈಮುಗಿದರು.

ಅವರು ಮಾಡಿದ್ದು ಬೇರೆ. ಚೀಲಗಳನ್ನು ಇಳಿಸಿಸಿ, ತಲೆಯ ಮೇಲೆ ಹೊತ್ತು ಅಂಗಡಿಯ ಜಾಗಕ್ಕೆ ಸಾಗಿಸಲು ಹೇಳಿದರು. ಹೇಗಿದ್ದರೂ ಹೋಗಬೇಕಾದ ಮಾಲು ತಾನೆ! ಆಮೇಲೆ ಹೌಸಿಂಗಿನಡಿಯ ಮರಳನ್ನು ಕೈಯಲ್ಲಿ, ತಗಡಿನ ಚೂರಿನಲ್ಲಿ ಬಗೆಸಿದರು. ಅಷ್ಟಾಗುವಾಗ ಕತ್ತಲಾಯಿತು. ಹುಡುಗ ಕೀಲಿಗೆ ಕೈ ಹಾಕಿದ. ‘ಈಗ ಬ್ಯಾಡ. ಬೆಳಗ್ಗೆ ಇಬ್ಬನಿ ಬೀಳಲಿ, ಮರಳು ವಸಿ ಬಿಗೀಲಿ’ ಅಂದರು ಮಾವ.

ಆ ರಾತ್ರಿಯೇ ನನಗೆ ಈ ಕಥೆಯ ಮುಖ್ಯ ಭಾಗ. ಒಣಗಿದ ನೀಲಗಿರಿ ಕಡ್ಡಿ ಆರಿಸಿ ತಂದು ಬೆಂಕಿ ಹಾಕಿದೆವು. ಮೂರು ಮಾತಿನ ಮಾವ ಅಂದು ಮೊದಲ ಸಲ ಉದ್ದಕ್ಕೆ ಮಾತಾಡಿದರು. 1986–87ರ ಚಳಿಗಾಲದಲ್ಲಿ, ಜನರಲ್ ಸುಂದರ್‌ಜಿಯವರ ಕಾಲದ ‘ಬ್ರಾಸ್‌ಟ್ಯಾಕ್ಸ್’ ಎಂಬ ದೊಡ್ಡ ಕವಾಯತಿಗೆ ಸೇನೆಯ ದೊಡ್ಡ ಭಾಗವೇ ರಾಜಸ್ಥಾನದ ಮರಳುಗಾಡಿನಲ್ಲಿತ್ತು. ಮಾವ ಅಲ್ಲಿ ಶಕ್ತಿಮಾನ್ ಲಾರಿಯ ಡ್ರೈವರು. ಜಬಲ್ಪುರದ ಕಾರ್ಖಾನೆಯಲ್ಲಿ ಜರ್ಮನಿಯ ಮಾನ್ ಕಂಪನಿಯ ತಂತ್ರದಿಂದ ತಯಾರಾಗುತ್ತಿದ್ದ ಆ ಲಾರಿಯ ನಾಲ್ಕೂ ಚಕ್ರ ಎಳೆಯುತ್ತಿದ್ದವು. ‘ಆದ್ರೂ ಹೂತ್ಕತಿತ್ತು’ ಅಂದರು. ‘ನಾಲ್ಕು ಚಕ್ರ ಎಳೆದ್ರೆ ಏನಾಯ್ತು, ನಾಲ್ಕು ಗುಂಡಿ ತೋಡ್ತದೆ.’

ಅವರಿಗೆ ಕಲಿಸಿದವರು ಆ ಕಡೆಯವರೇ ಆದ ಒಬ್ಬ ಹವಾಲ್ದಾರರಂತೆ. ಮೊದಲ ದಿನ ಇವರನ್ನೆಲ್ಲ ಲಾರಿ ಹತ್ತಿಸಲಿಲ್ಲ, ಒಂಟೆಯ ಹಿಂದೆ ನಡೆಸಿದರಂತೆ. ಅಷ್ಟು ಭಾರದ ಪ್ರಾಣಿ ಹೆಜ್ಜೆ ಊರಿದಾಗ ಅಂಗಾಲು ಅಗಲವಾಗುತ್ತದೆ, ಮರಳು ಕುಸಿಯುವುದಿಲ್ಲ. ಗಾಳಿ ಇಳಿಸಿದ ಟೈರೂ ಹಾಗೆಯೇ ನೆಲದ ಮೇಲೆ ಉದ್ದಕ್ಕೆ ಹರಡಿಕೊಳ್ಳುತ್ತದೆ. ಅದೇ ಭಾರ ಹೆಚ್ಚು ಜಾಗಕ್ಕೆ ಹಂಚಿಹೋಗುತ್ತದೆ. ಗಟ್ಟಿ ಗಾಳಿಯ ಟೈರು ಮರಳನ್ನು ಕತ್ತರಿಸಿಕೊಂಡು ಇಳಿಯುತ್ತದೆ.

ದಿಬ್ಬಕ್ಕೆ ಎರಡು ಮಗ್ಗುಲು ಅಂತಲೂ ಹೇಳಿದರು. ಗಾಳಿ ಹೊಡೆಯುವ ಮಗ್ಗುಲು ನಿಧಾನ ಏರು, ಮರಳು ಅದುಮಿಕೊಂಡು ಬಿಗಿಯಾಗಿರುತ್ತದೆ. ಮರೆಯ ಮಗ್ಗುಲು ಕಡಿದು, ಮರಳು ಸಡಿಲ. ಹತ್ತುವ ಮೊದಲು ನಡೆದುಹೋಗಿ ನೆತ್ತಿಯಾಚೆ ಏನಿದೆ ಅಂತ ಕಣ್ಣಾರೆ ನೋಡಬೇಕು. ಮುಂದಿನ ಲಾರಿ ಪೂರ್ತಿ ದಾಟುವವರೆಗೆ ಹಿಂದಿನದು ಏರಿಗೆ ಕಾಲಿಡಬಾರದು. ಹತ್ತುವುದೂ ನೇರ, ಇಳಿಯುವುದೂ ನೇರ. ಅಡ್ಡಡ್ಡ ಹೋದವನ ಲಾರಿ ಮಗುಚುತ್ತದೆ. ಇಳಿಯುವಾಗ ಸಣ್ಣ ಗೇರು, ಬ್ರೇಕಿಗೆ ಕಾಲು ಬೇಡ. ಹಿಂಭಾಗ ಪಕ್ಕಕ್ಕೆ ಜಾರತೊಡಗಿದರೆ ಸ್ಟೇರಿಂಗನ್ನು ಇಳಿಜಾರಿನ ಕಡೆಗೇ ಕೊಟ್ಟು ಸ್ವಲ್ಪ ವೇಗ ಕೊಡಬೇಕು. ‘ಹೆದರಿ ಮೇಲಕ್ಕೆ ತಿರುಗಿಸ್ದೋನು ಉರುಳ್ದ ಅಂತಾನೇ ಲೆಕ್ಕ.’ ನಿಲ್ಲಿಸಬೇಕಾದರೂ ಮೂತಿ ಇಳಿಜಾರಿಗೆ ಇರುವಂತೆ, ಬ್ರೇಕು ಒತ್ತದೆ ತಾನಾಗಿ ನಿಲ್ಲಲು ಬಿಡಬೇಕು. ಬ್ರೇಕು ಒತ್ತಿದರೆ ಚಕ್ರದ ಮುಂದೆ ಮರಳಿನ ಒಡ್ಡು ಏಳುತ್ತದೆ, ಮತ್ತೆ ಹೊರಡುವಾಗ ಅದೇ ಅಡ್ಡ. 1971ರ ಡಿಸೆಂಬರಿನಲ್ಲಿ ಲೋಂಗೆವಾಲಾದ ಕಡೆ ಬಂದ ಪಾಕಿಸ್ತಾನದ ಟ್ಯಾಂಕುಗಳೂ ಮರಳಲ್ಲಿ ಸಿಕ್ಕಿಕೊಂಡಿದ್ದವು, ಬೆಳಗಾದ ಮೇಲೆ ಜೈಸಲ್ಮೇರಿನಿಂದ ಹಾರಿಬಂದ ಹಂಟರ್ ವಿಮಾನಗಳಿಗೆ ಅವು ತೋರಿಸಿಟ್ಟ ಗುರಿಯಾದವು ಅಂತ ಹೇಳುವಾಗ ಹುಡುಗ ಮೊದಲ ಸಲ ತಲೆಯೆತ್ತಿದ. ಟ್ಯಾಂಕೇ ಹೂತ ಮೇಲೆ ತನ್ನದೇನು ಅಂತ ಧೈರ್ಯ ಬಂದಿರಬೇಕು.

ಬೆಳಗಿನ ಜಾವ ಮರಳು ಕಾಲಿಗೆ ತಣ್ಣಗೆ, ಗಟ್ಟಿಯಾಗಿ ಸಿಗುತ್ತಿತ್ತು. ಮಾವನ ಹತ್ತಿರ ಗಾಳಿ ನೋಡುವ ಗೇಜಿರಲಿಲ್ಲ. ಮರಳೆಲ್ಲ ಸರಿಸಿದ ಮೇಲೆ ಒಂದು ಕಡ್ಡಿ ಹಿಡಿದು ನೆಲದಿಂದ ರಿಮ್ಮಿನ ಅಂಚಿಗೆ ಎಷ್ಟೆತ್ತರ ಅಂತ ಗುರುತು ಹಾಕಿಕೊಂಡರು. ಆ ಎತ್ತರದಲ್ಲಿ ಕಾಲುಭಾಗ ಇಳಿಯುವವರೆಗೆ ಆರೂ ಟೈರಿನ ಗಾಳಿ ಬಿಡಿಸಿದರು. ಮುಂದಿನವುಗಳದೂ, ಯಾಕೆಂದರೆ ಗಟ್ಟಿ ಮುಂಗಾಲಿ ಮರಳನ್ನು ನೇಗಿಲಿನಂತೆ ಉಳುತ್ತದೆ. ‘ಇನ್ನೂ ವಸಿ ಬಿಡಲಾ ಮಾವ?’ ಅಂದ ಹುಡುಗ. ಬೇಡವೆಂದರು. ಹಿಂದೆ ಜೋಡಿ ಟೈರು: ಹೆಚ್ಚು ಇಳಿಸಿದರೆ ಎರಡರ ಕೆನ್ನೆ ಒಂದಕ್ಕೊಂದು ತಾಗಿ ಉಜ್ಜಿಹೋಗುತ್ತವೆ. ಮೆತ್ತಗಿನ ಟೈರಿನಲ್ಲಿ ಗಕ್ಕನೆ ಸ್ಟೇರಿಂಗ್ ಎಳೆದರೆ ರಿಮ್ಮಿನಿಂದ ಟೈರೇ ಕಳಚಬಹುದು. ಗಾಳಿ ಹೆಚ್ಚು ಇಳಿಸುವಂತಿಲ್ಲ, ಆದ್ದರಿಂದಲೇ ಭಾರ ತಗ್ಗಲೆಂದು ಮಾಲು ಮೊದಲು ಇಳಿಸಿದ್ದು.

ಹೊರಡುವ ದಿಕ್ಕಿನ ಮಾತು ಬಂತು. ಅರ್ಧ ಏರು ಹತ್ತಿಯಾಗಿದೆ, ಮುಂದಕ್ಕೇ ಹೋಗೋಣ ಅಂತ ನಮ್ಮೆಲ್ಲರ ಮನಸ್ಸು. ಮಾವ ಹಿಂದಕ್ಕೆ ಅಂದರು. ಬಂದ ಜಾಡನ್ನು ನಮ್ಮ ಚಕ್ರಗಳೇ ಒತ್ತಿ ಗಟ್ಟಿ ಮಾಡಿವೆ, ಮೇಲಾಗಿ ಅದು ಇಳಿಜಾರು. ಚಕ್ರಗಳ ಹಿಂದೆ ಗುಂಡಿಯ ಗೋಡೆ ಕಡಿದು ಉದ್ದಕ್ಕೆ ಓರೆ ಮಾಡಿದೆವು. ಖಾಲಿ ಗೋಣಿಚೀಲಗಳನ್ನು ಮಡಚಿ ಟೈರಿನಡಿ ತುರುಕಿದೆವು. ಮಾವ ತಾವು ಸ್ಟೇರಿಂಗ್ ಹಿಡಿಯಲಿಲ್ಲ. ಹುಡುಗನನ್ನೇ ಕೂರಿಸಿ, ಕಿಟಕಿಯಿಂದ ದೂರ ನಿಂತು ಮಾತಾಡಿದರು. ಚಕ್ರ ನೇರ ಇರಲಿ. ಕ್ಲಚ್ಚು ಮೆಲ್ಲಗೆ. ಚಕ್ರ ಸುಮ್ಮನೆ ತಿರುಗಿತೋ, ತಕ್ಷಣ ಕಾಲು ತೆಗೆ.

ಮೊದಲ ಸಲ ಒಂದು ಗೇಣು ಸರಿದು ನಿಂತಿತು. ಹುಡುಗ ಕಾಲು ತೆಗೆದ. ಮತ್ತೆ ಬಗೆದು, ಚೀಲ ಸರಿಪಡಿಸಿದೆವು. ಎರಡನೆಯದಕ್ಕೆ ಗಾಡಿ ಚೀಲದ ಮೇಲೆ ಹತ್ತಿ, ಒಮ್ಮೆ ತೂಗಿ, ಸದ್ದಿಲ್ಲದೆ ಜಾಡು ಹಿಡಿದು ಇಳಿಯಿತು. ಅಷ್ಟು ಜನ ನೋಡುತ್ತಿದ್ದರು, ಯಾರಿಗೂ ಏನೂ ನಡೆದಂತೆ ಅನಿಸಲಿಲ್ಲ. ಹಗ್ಗವಿಲ್ಲ, ಟ್ರ್ಯಾಕ್ಟರಿಲ್ಲ, ಹೋ ಅನ್ನುವ ಕೂಗಿಲ್ಲ. ‘ಇಷ್ಟೇನಾ?’ ಅಂತ ಒಬ್ಬರು ಕೇಳಿಯೂ ಬಿಟ್ಟರು.

ಹುಡುಗನಿಗೆ ಟಾರು ಕಂಡದ್ದೇ ಉತ್ಸಾಹ ಬಂತು. ಮಾವ ಬಿಡಲಿಲ್ಲ. ಗಾಳಿ ಕಡಿಮೆಯಿರುವ ಟೈರು ಟಾರಿನ ಮೇಲೆ ಓಡಿದರೆ ಕೆನ್ನೆ ಮಡಚಿ ಮಡಚಿ ಕಾದು ಒಡೆಯುತ್ತದೆ. ಸೈಕಲ್ಲಿನವರು ನಮ್ಮನ್ನು ದಾಟಿ ಹೋಗುವಷ್ಟು ನಿಧಾನವಾಗಿ ಪಂಕ್ಚರ್ ಅಂಗಡಿಯವರೆಗೆ ಹೋದೆವು. ಅಂಗಡಿಯವನು ಕೂತಲ್ಲಿಂದಲೇ ಬಗ್ಗಿ ನೋಡಿ, ಎದ್ದು ಒಂದು ಸುತ್ತು ಬಂದ.

‘ಆರೂ ಒಟ್ಟಿಗೇ ಪಂಕ್ಚರ್ರಾ ಅಣ್ಣ?’

‘ಪಂಕ್ಚರ್ ಅಲ್ಲ ಕಣಪ್ಪ, ನಾವೇ ಬಿಟ್ಟಿದ್ದು.’

‘ಯಾಕೆ?’

ಮಾವ ಮತ್ತೆ ಮೂರು ಮಾತಿನ ಮನುಷ್ಯರಾಗಿದ್ದರು. ‘ಗಾಳಿ ಹಾಕಪ್ಪ’ ಅಂದರು. ಎಂಬತ್ತು ಪೌಂಡಿನ ಆಸುಪಾಸಿಗೆ ಆರನ್ನೂ ತುಂಬುವಷ್ಟರಲ್ಲಿ ಅವನ ಕಂಪ್ರೆಸರ್ ಏದುಸಿರು ಬಿಟ್ಟಿತು. ದುಡ್ಡು ಕೊಡಹೋದರೆ, ಪಂಚಲಿಂಗದ ಕಾಯಿ ತಾನೆ, ಎರಡು ಕೊಟ್ಟುಬಿಡಿ ಸಾಕು ಅಂದ. ಗಾಡಿಯ ಮೂಲೆಯಲ್ಲಿ ಉಳಿದಿದ್ದ ಚೀಲಕ್ಕೆ ಕೈಹಾಕಿದ ಮಾವ ಒಂದೊಂದನ್ನೇ ಕಿವಿಯ ಹತ್ತಿರ ಅಲ್ಲಾಡಿಸಿ, ನೀರು ತುಂಬಿದ್ದ ಮೂರನ್ನು ಆರಿಸಿ ಕೊಟ್ಟರು.